ಸ್ಟ್ಯಾಗ್‌ಹಾರ್ನ್ ಬೆಳೆಸುವ ಕಿಟ್: ಡಬ್ಬಿ ಚೆನ್ನಾಗಿದೆ, ಒಳಗಿನ ಪುಡಿ ಬಗ್ಗೆ ಕೇಳಬೇಡಿ

ಮನೆಯಲ್ಲೇ ಸ್ಪೋರ್‌ನಿಂದ (ಬೀಜಾಣುವಿನಿಂದ) ಸ್ಟ್ಯಾಗ್‌ಹಾರ್ನ್ ಫರ್ನ್ (ಜಿಂಕೆ ಕೊಂಬಿನ ಹಾಗೆ ಎಲೆ ಬಿಡುವ ಜರೀಗಿಡ) ಬೆಳೆಸಿಕೊಳ್ಳಿ ಅಂತ ಆನ್‌ಲೈನ್‌ನಲ್ಲಿ ಮಾರುವ ಕಿಟ್ ಒಂದನ್ನು ತರಿಸಿದ್ದೆ. ಎಂಟು ತಿಂಗಳು ಅದರ ಜೊತೆ ಏಗಿದ ಮೇಲೆ ಈ ರಿವ್ಯೂ ಬರೆಯುತ್ತಿದ್ದೇನೆ. ಡಬ್ಬಿ ಬಂದ ದಿನವೇ ಬಿಚ್ಚಿ ನೋಡಿ "ಪ್ಯಾಕಿಂಗ್ ಸೂಪರ್" ಅಂತ ಐದು ಸ್ಟಾರ್ ಕೊಟ್ಟವರ ಮಾತು ನಂಬಿಯೇ ನಾನು ದುಡ್ಡು ಹಾಕಿದ್ದು. ಸ್ಪೋರ್‌ನಿಂದ ಗಿಡ ಮಾಡುವ ಕೆಲಸದಲ್ಲಿ ಮೊದಲ ತಿಂಗಳು ನೋಡೋಕೆ ಏನೂ ಇರುವುದಿಲ್ಲ. ಹಾಗಾಗಿ ಆ ರಿವ್ಯೂಗಳೆಲ್ಲ ರಟ್ಟಿನ ಪೆಟ್ಟಿಗೆಯ ರಿವ್ಯೂಗಳು, ಗಿಡದ್ದಲ್ಲ. ಮಾರಿದವರ ಹೆಸರು ಹಾಕುತ್ತಿಲ್ಲ. ಇದೇ ಚಿತ್ರ, ಇದೇ ಸಾಮಾನು ಬೇರೆ ಬೇರೆ ಹೆಸರಿನಲ್ಲೂ ಕಣ್ಣಿಗೆ ಬಿದ್ದಿದೆ, ಒಬ್ಬರನ್ನೇ ಬೈದು ಏನು ಪ್ರಯೋಜನ.

ಕಿಟ್ ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ, ಯಾಕಂದ್ರೆ ಇದು ನಿಮಗೆ ಬೇಕಾ ಬೇಡವಾ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ನನ್ನ ಹತ್ತಿರ ಮೊದಲಿಂದಲೂ ಒಂದು ಪ್ಲಾಟಿಸೀರಿಯಮ್ ಬೈಫರ್ಕೇಟಮ್ ಇದೆ. ಎಲ್ಲರ ಮನೆಯಲ್ಲೂ ಇರುವ ಮಾಮೂಲಿ ಸ್ಟ್ಯಾಗ್‌ಹಾರ್ನ್ ಅದೇ. ಪ್ಲಾಟಿಸೀರಿಯಮ್ ಕುಲದಲ್ಲಿ ಹೆಚ್ಚುಕಡಿಮೆ 18 ಜಾತಿಗಳಿವೆ. ಎಲ್ಲವೂ ಮರದ ಮೇಲೋ ಬಂಡೆಯ ಮೇಲೋ ಅಂಟಿಕೊಂಡು ಬದುಕುವಂಥವು. ಬೈಫರ್ಕೇಟಮ್ ಆಸ್ಟ್ರೇಲಿಯಾ ಕಡೆಯದು, ಗಟ್ಟಿ ಜೀವ, ಸುಮ್ನೆ ಬಿಟ್ಟರೂ ಪಕ್ಕದಲ್ಲಿ ಮರಿ ಹಾಕುತ್ತಾ ಹೋಗುತ್ತದೆ. ಮರಿ ಬಿಡಿಸಿ ಬೇರೆ ಹಲಗೆಗೆ ಕಟ್ಟಿದರೆ ಹೊಸ ಗಿಡ ರೆಡಿ. ಆದರೆ ಎಲ್ಲ ಜಾತಿಯೂ ಹಾಗಲ್ಲ. ಸೂಪರ್ಬಮ್, ಗ್ರ್ಯಾಂಡೆ, ವಾಲಿಚಿ, ರಿಡ್ಲಿಯೈ, ಇವೆಲ್ಲ ಒಂಟಿ ಗಿಡಗಳು. ಮರಿ ಹಾಕುವ ಅಭ್ಯಾಸ ಇಲ್ಲ. ಅವನ್ನು ಮನೆಯಲ್ಲಿ ಹೆಚ್ಚಿಸಬೇಕು ಅಂದರೆ ಸ್ಪೋರ್ ಬಿಟ್ಟು ಬೇರೆ ದಾರಿ ಇಲ್ಲ.

ನನಗೆ ಬೇಕಾಗಿದ್ದು ಸೂಪರ್ಬಮ್. ತಲೆಯ ಮೇಲೆ ದೊಡ್ಡ ಕಿರೀಟ ಇಟ್ಟ ಹಾಗೆ ಶೀಲ್ಡ್ ಎಲೆ (ಬೇರನ್ನು ಮುಚ್ಚಿಕೊಳ್ಳುವ ಅಗಲದ ಎಲೆ) ಹರಡಿಕೊಂಡು, ಕೆಳಗೆ ಉದ್ದುದ್ದ ಕೊಂಬು ಇಳಿಬಿಡುತ್ತದಲ್ಲ, ಅದು. ಕಿಟ್ಟಿನ ಡಬ್ಬಿ ಮೇಲೆ ಇದ್ದ ಫೋಟೋ ಪಕ್ಕಾ ಅಂಥದ್ದೇ. ಅದಕ್ಕೇ ಬಿದ್ದೆ.

ಡಬ್ಬಿಯಲ್ಲಿ ಬಂದದ್ದು ಇಷ್ಟು: ಮುಚ್ಚಳ ಇರುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ, ಒಣಗಿಸಿ ಒತ್ತಿದ ಎಂಟು ಪೀಟ್ (ಜೌಗಿನ ಗಿಡಗಳು ಅರೆಕೊಳೆತು ಆದ ಮಣ್ಣು) ಬಿಲ್ಲೆ, ಒಂದು ಪುಟ್ಟ ಕೈ ಸ್ಪ್ರೇ ಬಾಟಲಿ, ಒಂದು ಸಣ್ಣ ಭೂತಗನ್ನಡಿ, ಒಂದು ಹಿಡಿ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಟ್ಟುಕೊಳ್ಳುವ ಒಂದು ಬಗೆಯ ಹಾವಸೆ), ಅಂಗೈ ಅಗಲದ ಮರದ ಹಲಗೆ, ಸ್ವಲ್ಪ ತಾಮ್ರದ ತಂತಿ, ಒಂದು ಹಾಳೆ ಸೂಚನೆ, ಮತ್ತೆ ಇದಕ್ಕೆಲ್ಲ ಕಾರಣವಾದ ಆ ಬೆರಳುದ್ದದ ಪ್ಯಾಕೆಟ್.

ಪ್ಯಾಕೆಟ್ ಮೇಲೆ ಏನು ಬರೆದಿತ್ತು ಗೊತ್ತಾ? "ಸ್ಟ್ಯಾಗ್‌ಹಾರ್ನ್ ಬೀಜಗಳು." ಅಲ್ಲೇ ನನಗೆ ಡೌಟು ಬರಬೇಕಿತ್ತು. ಜರೀಗಿಡಕ್ಕೆ ಬೀಜ ಎಲ್ಲಿಂದ ಬರಬೇಕು? ಹೂವೂ ಇಲ್ಲ, ಬೀಜವೂ ಇಲ್ಲ, ಇರುವುದು ಬೀಜಾಣು, ಅಂದರೆ ಸ್ಪೋರ್. ಶಾಲೆಯಲ್ಲಿ ಓದಿದ್ದು ಇಷ್ಟಾದರೂ ನೆನಪಿದೆ. ಯಾವ ಜಾತಿ ಅಂತಲೂ ಬರೆದಿರಲಿಲ್ಲ, ಯಾವಾಗ ತೆಗೆದದ್ದು ಅಂತಲೂ ಇರಲಿಲ್ಲ. ಮಾರುವವರಿಗೆ ತಾವು ಮಾರುತ್ತಿರುವುದು ಏನು ಅಂತಲೇ ಗೊತ್ತಿಲ್ಲದಿದ್ದರೆ ಹೀಗಾಗುತ್ತದೆ. ಆದರೂ ದುಡ್ಡು ಕೊಟ್ಟಾಗಿದೆ, ನೋಡೋಣ ಅಂತ ಬಿಳಿ ಕಾಗದದ ಮೇಲೆ ಸುರಿದು ಅವರದೇ ಭೂತಗನ್ನಡಿ ಹಿಡಿದೆ. ಕಂಡದ್ದು ಮುಕ್ಕಾಲು ಪಾಲು ಹೊಟ್ಟು. ಸ್ಪೋರ್ ಇರುವ ಪುಟ್ಟ ಚೀಲಗಳು ಒಡೆದು ಉಳಿದ ಸಿಪ್ಪೆ, ಎಲೆಯ ರೋಮ, ಒಂದೆರಡು ಮಣ್ಣಿನ ಕಣ. ನಿಜವಾದ ಸ್ಪೋರ್ ಧೂಳಿಗಿಂತ ನಯ, ಕಾಗದಕ್ಕೆ ಅಂಟಿಕೊಳ್ಳುತ್ತದೆ. ಕಾಗದವನ್ನು ಸ್ವಲ್ಪ ಓರೆ ಮಾಡಿ ಬೆರಳಲ್ಲಿ ತಟ್ಟಿದರೆ ಹೊಟ್ಟು ಉರುಳಿ ಕೆಳಗೆ ಹೋಗುತ್ತದೆ, ನಯವಾದ ಪುಡಿ ಅಲ್ಲೇ ಉಳಿಯುತ್ತದೆ. ಹಾಗೆ ತಟ್ಟಿದ ಮೇಲೆ ಉಳಿದದ್ದು ಪೆನ್ಸಿಲ್ಲಿನಲ್ಲಿ ಎಳೆದ ಗೆರೆಯಷ್ಟು. ಹೊಟ್ಟನ್ನೂ ಸೇರಿಸಿ ಬಿತ್ತಿದರೆ ಬೂಸ್ಟಿಗೆ ನಾವೇ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ.

ಇನ್ನು ಸೂಚನೆ ಹಾಳೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದ್ರೆ ಸ್ಪೋರ್ ಒಳ್ಳೆಯದೇ ಇದ್ದಿದ್ದರೂ ಈ ಹಾಳೆ ನಂಬಿದವರಿಗೆ ಗಿಡ ಬರುವುದು ಕಷ್ಟ. ಬಿತ್ತಿದ ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಬೇಕಂತೆ. ತಪ್ಪು. ಜರೀಗಿಡದ ಸ್ಪೋರ್ ಮೊಳೆಯೋಕೆ ಸಾಮಾನ್ಯವಾಗಿ ಬೆಳಕು ಬೇಕು, ಅದನ್ನು ಮೇಲ್ಮೈ ಮೇಲೆ ಉದುರಿಸಿ ಹಾಗೇ ಬಿಡಬೇಕು. ದಿನಾ ಮುಚ್ಚಳ ತೆಗೆದು ನಲ್ಲಿ ನೀರು ಸ್ಪ್ರೇ ಮಾಡಬೇಕಂತೆ. ಅದೂ ತಪ್ಪು. ಒಂದು ಸಲ ತೆಗೆದರೆ ಗಾಳಿಯಲ್ಲಿರುವ ಬೂಸ್ಟು, ಪಾಚಿ, ಬೇರೆ ಜರೀಗಿಡದ ಸ್ಪೋರ್ ಎಲ್ಲ ಒಳಗೆ ಹೋಗುತ್ತವೆ. ಪೀಟ್ ಬಿಲ್ಲೆಗೆ ಕುದಿಯುವ ನೀರು ಹಾಕಿ ಅದರಲ್ಲಿರುವ ಜೀವಿಗಳನ್ನು ಸಾಯಿಸಬೇಕು ಅನ್ನುವ ಮಾತೇ ಇಲ್ಲ. "30 ದಿನದಲ್ಲಿ ನಿಮ್ಮ ಸ್ಟ್ಯಾಗ್‌ಹಾರ್ನ್ ಸಿದ್ಧ" ಅಂತ ದಪ್ಪಕ್ಷರದಲ್ಲಿ ಮಾತ್ರ ಇದೆ. 30 ದಿನಕ್ಕೆ ಏನೋ ಹಸಿರು ಕಂಡರೆ ಅದೇ ದೊಡ್ಡದು.

ಬೈಯುವ ಮೊದಲು ಸರಿಯಾಗಿ ಪರೀಕ್ಷೆ ಮಾಡಿಬಿಡೋಣ ಅಂತ ಎಂಟು ಬಿಲ್ಲೆಗಳನ್ನು ಭಾಗ ಮಾಡಿದೆ. ಎರಡು ಬಿಲ್ಲೆ ಅವರ ಹಾಳೆ ಹೇಳಿದ ಹಾಗೇ, ಮಣ್ಣು ಮುಚ್ಚಿ. ಎರಡು ಬಿಲ್ಲೆಗೆ ಅವರದೇ ಸ್ಪೋರ್, ಆದರೆ ಕುದಿಯುವ ನೀರು ಹುಯ್ದು, ಮುಚ್ಚಿ ಆರಿಸಿ, ಮೇಲೆ ಉದುರಿಸಿ. ಈ ನಾಲ್ಕೂ ಕಿಟ್ ಪೆಟ್ಟಿಗೆಯಲ್ಲಿ. ಉಳಿದ ನಾಲ್ಕು ಬಿಲ್ಲೆಗೂ ಕುದಿಯುವ ನೀರೇ, ಆದರೆ ಸ್ಪೋರ್ ಮಾತ್ರ ನನ್ನ ಬೈಫರ್ಕೇಟಮ್‌ನದು, ಮನೆಯಲ್ಲಿದ್ದ ಬೇರೆ ಡಬ್ಬಿಯಲ್ಲಿ. ಎರಡನ್ನೂ ಒಂದೇ ಎಲ್‌ಇಡಿ ದೀಪದ ಕೆಳಗೆ ಪಕ್ಕಪಕ್ಕ ಇಟ್ಟೆ. ನೇರ ಬಿಸಿಲು ಬೇಡವೇ ಬೇಡ, ಮುಚ್ಚಿದ ಡಬ್ಬಿ ಬಿಸಿಲಲ್ಲಿ ಒಲೆಯಾಗುತ್ತದೆ.

ನನ್ನ ಗಿಡದಿಂದ ಸ್ಪೋರ್ ತೆಗೆದದ್ದು ಅತಿ ಸುಲಭದ ಕೆಲಸ. ಕೊಂಬಿನಂಥ ಎಲೆಯ ತುದಿಗಳ ಅಡಿಯಲ್ಲಿ ಮಖಮಲ್ ತೇಪೆ ಹಾಕಿದ ಹಾಗೆ ಕಂದು ಬಣ್ಣ ಬರುತ್ತದೆ. ಎಷ್ಟೋ ಜನ ಅದನ್ನು ರೋಗ ಅಂತ ತಿಳಿದು ಎಲೆಯನ್ನೇ ಕತ್ತರಿಸಿ ಬಿಸಾಕುತ್ತಾರೆ, ಪಾಪ. ಆ ತೇಪೆ ಗಾಢ ಕಂದಾಗಿ, ಉಗುರು ತಾಗಿಸಿದರೆ ಪುಡಿ ಉದುರುವ ಹಂತಕ್ಕೆ ಬಂದಾಗ ಎಲೆಯ ತುದಿ ಕತ್ತರಿಸಿ ಕಾಗದದ ಕವರಿನಲ್ಲಿ ಹಾಕಿಟ್ಟರೆ ಕೆಲವೇ ದಿನದಲ್ಲಿ ಕವರಿನ ತಳದಲ್ಲಿ ಕಂದು ಪುಡಿ ಕೂತಿರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ಸೇರಿ ಬೂಸ್ಟು ಬರುತ್ತದೆ. ಒಂದೇ ಎಲೆಯಿಂದ ಸಿಕ್ಕ ಪುಡಿ ಕಿಟ್ ಪ್ಯಾಕೆಟ್ಟಿಗಿಂತ ಎಷ್ಟೋ ಪಾಲು ಜಾಸ್ತಿ ಇತ್ತು. ಬಿತ್ತುವಾಗ ಕೈ ಬಿಗಿಹಿಡಿಯಿರಿ. ನಾನು ಧಾರಾಳ ಮಾಡಿ ಆಮೇಲೆ ಪಟ್ಟ ಪಾಡು ಮುಂದೆ ಹೇಳುತ್ತೇನೆ.

ಮೂರು ವಾರಕ್ಕೆ ನನ್ನ ಡಬ್ಬಿಯ ನಾಲ್ಕೂ ಬಿಲ್ಲೆ ಮೇಲೆ ತೆಳ್ಳಗೆ ಹಸಿರು ಹಬೆ ಕೂತ ಹಾಗೆ ಕಂಡಿತು. ಕಿಟ್ ಪೆಟ್ಟಿಗೆಯಲ್ಲಿ, ಮಣ್ಣು ಮುಚ್ಚಿದ ಎರಡರ ಮೇಲೆ ಬಿಳಿ ಬೂಸ್ಟು. ಮುಚ್ಚದ ಎರಡರ ಮೇಲೆ ಐದನೇ ವಾರಕ್ಕೆ ಹಸಿರು ಬಂತು. ನಾನೂ ಖುಷಿಪಟ್ಟೆ, ಸುಳ್ಳು ಹೇಳಲ್ಲ. ಆದರೆ ಅದು ಲೋಳೆಲೋಳೆಯಾಗಿ ಹೊಳೆಯುತ್ತಿತ್ತು. ಮೊಳೆತ ಸ್ಪೋರ್ ಹಾಗಿರಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಪುಟ್ಟ ಚೂರು ಎಲೆ ಎದ್ದು ನಿಂತ ಹಾಗೆ, ಉಣ್ಣೆ ಬಟ್ಟೆಯ ಮೇಲ್ಮೈ ಹಾಗೆ ಕಾಣುತ್ತದೆ. ಲೋಳೆ ಅಂದರೆ ಪಾಚಿ. ಆ ಪಾಚಿಯ ನಡುವೆಯೇ ಅಲ್ಲೊಂದು ಇಲ್ಲೊಂದು ನಿಜವಾದ ಮೊಳಕೆಯೂ ಇತ್ತು ಅನ್ನಿ. ಅದರ ಕಥೆ ಇನ್ನೂ ಇದೆ.

ಎರಡು ತಿಂಗಳ ಹೊತ್ತಿಗೆ ನನ್ನ ಡಬ್ಬಿಯಲ್ಲಿ ಹಸಿರು ಹೃದಯಗಳು. ನಿಜಕ್ಕೂ ಹೃದಯದ ಆಕಾರವೇ, ಬೆರಳುಗುರಿಗಿಂತ ಎಷ್ಟೋ ಚಿಕ್ಕವು. ಪ್ರೋಥ್ಯಾಲಸ್ ಅಂತ ಅದರ ಹೆಸರು. ಇದು ಇನ್ನೂ ಸ್ಟ್ಯಾಗ್‌ಹಾರ್ನ್ ಗಿಡ ಅಲ್ಲ, ಅದರ ಅಪ್ಪ ಅಮ್ಮ ಅಂದ್ಕೊಳ್ಳಿ. ಈ ಹೃದಯದ ಅಡಿಭಾಗದಲ್ಲಿ ಗಂಡು, ಹೆಣ್ಣು ಅಂಗಗಳಿರುತ್ತವೆ. ಗಂಡು ಕಣ ಈಜಿಕೊಂಡು ಹೋಗಿ ಹೆಣ್ಣು ಕಣವನ್ನು ಸೇರಬೇಕು. ಈಜೋಕೆ ನೀರು ಬೇಕಲ್ವಾ? ತೆಳುವಾದ ನೀರಿನ ಪದರವಾದರೂ ಇರಲೇಬೇಕು. ಡಬ್ಬಿಯೊಳಗೆ ಹಬೆ ಇದ್ದರೆ ಸಾಲದು. ಎಷ್ಟೋ ಜನ ಈ ಹಂತದಲ್ಲಿ ತಿಂಗಳುಗಟ್ಟಲೆ ಹಸಿರು ಹೃದಯ ನೋಡುತ್ತಾ ಕೂತು, ಗಿಡ ಬರಲಿಲ್ಲ ಅಂತ ಬೇಸತ್ತು ಬಿಸಾಕುತ್ತಾರೆ. ಕೊರತೆ ಇದ್ದದ್ದು ಒಂದು ಸ್ಪ್ರೇ ನೀರಿನದು ಅಷ್ಟೇ. ಕಿಟ್ಟಿನ ಹಾಳೆ ದಿನಾ ಸ್ಪ್ರೇ ಮಾಡಿ ಅಂತ ಬೇಡದ ಹೊತ್ತಿನಲ್ಲಿ ಹೇಳಿ, ನಿಜವಾಗಿ ಬೇಕಾದ ಈ ಹೊತ್ತಿನಲ್ಲಿ ಬಾಯಿ ಬಿಡುವುದಿಲ್ಲ. ನಾನು ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರನ್ನು ವಾರಕ್ಕೆ ಎರಡು ಸಲ, ಎಲ್ಲ ಒದ್ದೆಯಾಗುವ ಹಾಗೆ ಮಂಜಿನಂತೆ ಹೊಡೆದೆ. ಕಿಟ್ ಬಾಟಲಿಯಲ್ಲಿ ಅಲ್ಲ. ಅದರ ಕತ್ತಿನಿಂದ ಸೋರಿ ಮಂಜಿನ ಬದಲು ದಪ್ಪ ಹನಿ ಬೀಳುತ್ತಿತ್ತು. ದಪ್ಪ ಹನಿ ಬಿದ್ದರೆ ಹೃದಯಗಳು ಬುಡಸಮೇತ ಮಗುಚಿಕೊಳ್ಳುತ್ತವೆ.

ನಾಲ್ಕೂವರೆ ತಿಂಗಳಿಗೆ ಮೊದಲ ಎಲೆ. ಬೆಳಿಗ್ಗೆ ಎದ್ದು ಕನ್ನಡಕ ಇಲ್ಲದೆ ನೋಡಿ ಕಸ ಅಂದುಕೊಂಡಿದ್ದೆ. ಮರಿಗಿಡದ ಮೊದಲ ಎಲೆಗಳಿಗೆ ಕೊಂಬು ಗಿಂಬು ಏನೂ ಇರುವುದಿಲ್ಲ, ಪುಟ್ಟ ನಾಲಿಗೆ ಚಾಚಿದ ಹಾಗೆ ಇಡಿಯಾಗಿ ಇರುತ್ತವೆ. ಆದರೆ ಭೂತಗನ್ನಡಿ ಹಿಡಿದರೆ ಎಲೆಯ ಮೇಲೆ ನಕ್ಷತ್ರದ ಆಕಾರದ ಬಿಳಿ ರೋಮ ಕಾಣುತ್ತದೆ. ಅದು ಕಂಡರೆ ಗೆದ್ದ ಹಾಗೆ. ದೊಡ್ಡ ಗಿಡದ ಎಲೆ ಮೇಲೂ ಬೂದಿ ಬಳಿದ ಹಾಗೆ ಇರುವುದು ಇದೇ ರೋಮ. ಧೂಳು ಅಂತ ತಿಳಿದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಗಿಡ ನೀರು ಕಳೆದುಕೊಳ್ಳದ ಹಾಗೆ ಕಾಯುವ ಹೊದಿಕೆ ಅದು.

ಧಾರಾಳವಾಗಿ ಬಿತ್ತಿದ್ದರ ಫಲ ಈಗ ಬಂತು. ಹೃದಯಗಳು ಒಂದರ ಮೇಲೊಂದು ಹತ್ತಿಕೊಂಡು ಜಾಗಕ್ಕೆ ಜಗಳ ಆಡುತ್ತಿದ್ದವು. ಒಂದೊಂದಾಗಿ ಬಿಡಿಸೋಕೆ ಹೋದರೆ ಹರಿಯುತ್ತವೆ. ಚಿಮಟದಲ್ಲಿ ಗುಂಪು ಗುಂಪಾಗಿ ಎತ್ತಿ, ಉಗುರಿನಷ್ಟು ತುಂಡು ಮಾಡಿ, ಹೊಸ ಪೀಟ್ ಮೇಲೆ ಅಂತರ ಬಿಟ್ಟು ಕೂರಿಸಿದೆ. ಇದಕ್ಕೆ ಕಿಟ್ ಪೆಟ್ಟಿಗೆಯನ್ನೇ ತೊಳೆದು ಬಳಸಿದೆ, ಮತ್ತೆ ಇಲ್ಲಿ ಹೊಗಳಲೇಬೇಕು: ಪೆಟ್ಟಿಗೆ ಸೊಗಸಾಗಿದೆ. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಎತ್ತರ ಸಾಕಷ್ಟಿದೆ, ಮೇಲೆ ಎರಡು ಪುಟ್ಟ ಕಿಂಡಿ ಇದ್ದು ಬೇಕಾದಾಗ ತೆರೆಯಬಹುದು. ಡಬ್ಬಿಯೊಳಗೇ ಬೆಳೆದ ಮರಿಗಳನ್ನು ಒಂದೇ ಸಲಕ್ಕೆ ಹೊರಗಿನ ಗಾಳಿಗೆ ತಂದರೆ ಬಾಡಿ ಹೋಗುತ್ತವೆ. ಕಿಂಡಿಯನ್ನು ವಾರವಾರವೂ ಸ್ವಲ್ಪ ಸ್ವಲ್ಪ ತೆರೆಯುತ್ತಾ ಹೋದರೆ ಒಗ್ಗಿಕೊಳ್ಳುತ್ತವೆ. ಇವತ್ತಿಗೆ ಅದರಲ್ಲಿ 23 ಮರಿಗಳಿವೆ, ದೊಡ್ಡದು ಎರಡು ಸೆಂಟಿಮೀಟರ್. ಗೋಡೆಗೆ ತೂಗುಹಾಕುವ ಗಿಡ ಆಗೋಕೆ ಇನ್ನೂ ವರ್ಷಗಳು ಬೇಕು.

ಈಗ ಕಿಟ್ ಸ್ಪೋರ್‌ನ ಕಥೆ. ಪಾಚಿಯ ನಡುವೆ ಉಳಿದಿದ್ದ ಆ ನಾಲ್ಕೈದು ಮೊಳಕೆಗಳನ್ನು ಚಿಮಟದಲ್ಲಿ ಎತ್ತಿ ಬೇರೆ ಕಡೆ ಕೂರಿಸಿ ಮಗುವಿನ ಹಾಗೆ ನೋಡಿಕೊಂಡೆ. ಸೂಪರ್ಬಮ್ ಆಸೆ ನೋಡಿ. ಮೂರು ಉಳಿದವು, ಎಲೆ ಬಿಟ್ಟವು, ಎಲೆ ಅಂಚು ಸೀಳಿಕೊಂಡಿತು, ಇನ್ನೂ ಸೀಳಿಕೊಂಡಿತು, ಆರನೇ ತಿಂಗಳಿಗೆ ಹಕ್ಕಿಯ ಗರಿಯ ಹಾಗೆ ಆಯಿತು. ಸ್ಟ್ಯಾಗ್‌ಹಾರ್ನ್ ಅಲ್ಲವೇ ಅಲ್ಲ. ಎಲ್ಲೋ ಒದ್ದೆ ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟುವಂಥ ಯಾವುದೋ ಜರೀಗಿಡ! ಗಾಳಿಯಲ್ಲಿ ಬಂದು ಬಿದ್ದಿರಬಹುದಲ್ಲ ಅಂತ ನೀವು ಕೇಳಬಹುದು, ಅದೇ ಪೆಟ್ಟಿಗೆಯ ಮುಚ್ಚಳವನ್ನು ಹಾಳೆ ಹೇಳಿದ ಹಾಗೆ ನಾನೇ ದಿನಾ ತೆಗೆದದ್ದೂ ಹೌದು. ಆದರೆ ಬಂದದ್ದು ಎಲ್ಲಿಂದಲೇ ಆಗಲಿ, ಅವರ ಪ್ಯಾಕೆಟ್ಟಿನಿಂದ ಒಂದೇ ಒಂದು ಸ್ಟ್ಯಾಗ್‌ಹಾರ್ನ್ ಹುಟ್ಟಲಿಲ್ಲ ಅನ್ನುವುದಂತೂ ನಿಜ.

ಮಾರಿದವರಿಗೆ ಫೋಟೋ ಸಮೇತ ಬರೆದೆ. "ತಾಳ್ಮೆಯಿಂದ ಕಾಯಿರಿ, ಎಲೆ ಮುಂದೆ ಕೊಂಬಿನ ಆಕಾರಕ್ಕೆ ಬರುತ್ತದೆ" ಅಂತ ಉತ್ತರ ಬಂತು. ಗರಿ ಎಲೆ ಕೊಂಬಾಗುತ್ತದಂತೆ! ಯಾವ ಜಾತಿಯ ಸ್ಪೋರ್ ಕಳಿಸಿದ್ದೀರಿ ಅಂತ ಮತ್ತೆ ಕೇಳಿದ್ದಕ್ಕೆ "ದೊಡ್ಡ ಸ್ಟ್ಯಾಗ್‌ಹಾರ್ನ್" ಅಂದರು. ಸೂಪರ್ಬಮ್ಮಾ ಗ್ರ್ಯಾಂಡೆಯಾ ಅಂದೆ. ಆಮೇಲೆ ಉತ್ತರ ಇಲ್ಲ. ಇವೆರಡನ್ನು ಗುರುತಿಸುವುದು ಸ್ವಲ್ಪ ಗೊಂದಲದ ವಿಷಯವೇ, ಒಪ್ಪುತ್ತೇನೆ. ಸೂಪರ್ಬಮ್‌ಗೆ ಅದರದೇ ಹೆಸರು ಸಿಕ್ಕಿದ್ದೇ 1970ರಲ್ಲಿ, ಅದಕ್ಕೂ ಮುಂಚೆ ಗ್ರ್ಯಾಂಡೆ ಅಂತಲೇ ಕರೆಯುತ್ತಿದ್ದರು. ಆದರೆ ಸ್ಪೋರ್ ಬಿಟ್ಟ ಗಿಡ ಕಣ್ಣೆದುರು ಇದ್ದರೆ ಕಷ್ಟವೇನಿಲ್ಲ: ಸೂಪರ್ಬಮ್ ಎಲೆಯಲ್ಲಿ ಸ್ಪೋರ್ ತೇಪೆ ಒಂದೇ ಇರುತ್ತದೆ, ಗ್ರ್ಯಾಂಡೆಯಲ್ಲಿ ಎರಡು. ತಾವೇ ಸ್ಪೋರ್ ತೆಗೆದವರಾಗಿದ್ದರೆ ಇದು ಗೊತ್ತಿರುತ್ತಿತ್ತು.

ಉಳಿದದ್ದು ಮಾಸ್, ಹಲಗೆ, ತಂತಿ. ಇವು ಮರಿ ಕಟ್ಟೋಕೆ ಅಂತ ಕೊಟ್ಟಿದ್ದಾರೆ, ಸ್ಪೋರ್‌ನಿಂದ ಬಂದ ಗಿಡ ಹಲಗೆ ಏರುವ ಹೊತ್ತಿಗೆ ಹಲಗೆಯೇ ಎಲ್ಲೋ ಕಳೆದಿರುತ್ತದೆ. ನನ್ನ ಹಳೇ ಗಿಡದಲ್ಲಿ ಒಂದು ಮರಿ ರೆಡಿ ಇತ್ತು, ಅದನ್ನೇ ಕಟ್ಟಿ ನೋಡಿದೆ. ಮರಿ ಹತ್ತು ಸೆಂಟಿಮೀಟರ್ ಆದರೂ ಇರಬೇಕು, ಅದಕ್ಕೆ ತನ್ನದೇ ಶೀಲ್ಡ್ ಎಲೆ ಬಂದಿರಬೇಕು. ಬಟನ್ ಗಾತ್ರದ್ದನ್ನು ಅವಸರಕ್ಕೆ ಕಿತ್ತು ನಾನೇ ಹಿಂದೆ ಎರಡು ಸಾಯಿಸಿದ್ದೇನೆ. ಹರಿತವಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮರಿಯ ಶೀಲ್ಡ್ ಹಿಂದೆ ಜಾರಿಸಿ, ಬೇರು ಮತ್ತು ಸ್ಪಂಜಿನ ಥರದ ಹಳೇ ಪದರವೂ ಸ್ವಲ್ಪ ಬರುವ ಹಾಗೆ ಬಿಡಿಸಬೇಕು. ಕಂದಾಗಿ ಒಣಗಿದ ಶೀಲ್ಡ್ ನೋಡಿ ಸತ್ತಿದೆ ಅಂತ ಕಿತ್ತು ಹಾಕಬೇಡಿ. ಅದು ಒಣಗುವುದೇ ಹಾಗೆ, ಬೇರಿಗೆ ಮರೆಯಾಗಿ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಮಾಸ್ ಚೆನ್ನಾಗಿತ್ತು, ಉದ್ದ ಎಳೆ, ಪುಡಿಯಾಗಿರಲಿಲ್ಲ. ಆದರೆ ಕೈಗವಸು ಹಾಕಿಕೊಳ್ಳಿ ಅಂತ ಒಂದು ಸಾಲಾದರೂ ಬರೆಯಬೇಕಿತ್ತು. ಸ್ಫ್ಯಾಗ್ನಮ್‌ನಲ್ಲಿ ಇರಬಹುದಾದ ಒಂದು ಶಿಲೀಂಧ್ರ, ಚರ್ಮದ ಮೇಲಿನ ಗೀರು, ತರಚು ಗಾಯದಿಂದ ಒಳಗೆ ಹೋಗಿ ಹುಣ್ಣು ಮಾಡುತ್ತದೆ. ಅಪರೂಪ, ಆದರೂ ತೋಟದ ಕೆಲಸದವರಿಗೆ ಬಂದದ್ದುಂಟು. ತಾಮ್ರದ ತಂತಿಯನ್ನು ನೇರವಾಗಿ ಡ್ರಾಯರ್‌ಗೆ ಹಾಕಿದೆ. ಈ ಗಿಡ ಕಟ್ಟುವವರು ತಾಮ್ರ ಮುಟ್ಟುವುದಿಲ್ಲ, ನೀರಿನ ಜೊತೆ ಇಳಿದು ಬೇರಿಗೆ ವಿಷವಾಗುತ್ತದೆ ಅಂತ. ಗಾಳಕ್ಕೆ ಬಳಸುವ ನೈಲಾನ್ ದಾರ ಸಾಕು, ಅಗ್ಗ, ಕಣ್ಣಿಗೂ ಕಾಣುವುದಿಲ್ಲ. ದಾರ ಶೀಲ್ಡ್ ಮೇಲೆ ಹೋಗಬೇಕು, ನಡುವೆ ಎಲೆ ಹುಟ್ಟುವ ಮೊಗ್ಗಿನ ಮೇಲೆ ಹೋಗಬಾರದು, ಅಲ್ಲಿಗೆ ಮಾಸ್ ಕೂಡ ತುರುಕಬಾರದು. ಹಲಗೆಯಲ್ಲಿ ತೂತೂ ಇಲ್ಲ, ಕೊಕ್ಕೆಯೂ ಇಲ್ಲ. ಡ್ರಿಲ್ ಇಲ್ಲದವರು ಏನು ಮಾಡಬೇಕೋ! ಸಾಲದ್ದಕ್ಕೆ ಅಂಗೈ ಅಗಲದ್ದು, ಬೈಫರ್ಕೇಟಮ್ ಒಂದೆರಡು ವರ್ಷದಲ್ಲಿ ಅದನ್ನು ಮುಚ್ಚಿ ಹಿಂದಕ್ಕೆ ಸುತ್ತಿಕೊಳ್ಳುತ್ತದೆ.

ಕಟ್ಟಿದ ಮರಿಗೆ ಈಗ ಮೂರು ತಿಂಗಳು. ಬಕೆಟ್ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ, ಸೋರಲು ಬಿಟ್ಟು, ಹಲಗೆ ಎತ್ತಿದಾಗ ಹಗುರ ಅನ್ನಿಸುವವರೆಗೆ ಮತ್ತೆ ನೀರು ಕೊಡುವುದಿಲ್ಲ. ಹೊಸ ಶೀಲ್ಡ್ ಒಂದು ಹಸಿರಾಗಿ ದಾರದ ಮೇಲೆ ಹತ್ತುತ್ತಿದೆ. ಎಂಟು ತಿಂಗಳ ಸ್ಪೋರ್ ಸಾಹಸದಲ್ಲಿ ಸಿಕ್ಕಿದ್ದು ಎರಡು ಸೆಂಟಿಮೀಟರ್, ಅರ್ಧ ಗಂಟೆ ಚಾಕು ಹಿಡಿದಿದ್ದಕ್ಕೆ ಸಿಕ್ಕಿದ್ದು ಇದು.

ಯಾರು ಕೊಳ್ಳಬಹುದು? ಬೈಫರ್ಕೇಟಮ್ ಇರುವವರಿಗೆ ಈ ಕಿಟ್ ಬೇಡವೇ ಬೇಡ, ಮರಿ ಬಿಡಿಸಿ. ಮರಿ ಅಮ್ಮನ ತದ್ರೂಪವೇ ಆಗಿರುತ್ತದೆ, ಹೆಸರಿರುವ ವಿಶೇಷ ತಳಿಯಾಗಿದ್ದರೆ ಸ್ಪೋರ್‌ನಿಂದ ಅದೇ ರೂಪ ಬರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಒಂಟಿ ಜಾತಿಗಳ ಆಸೆ ಇರುವವರು ಆ ಗಿಡ ಸಾಕಿದವರಿಂದಲೇ, ಜಾತಿಯ ಹೆಸರು, ತೆಗೆದ ತಾರೀಖು ಬರೆದ ಕಾಗದದ ಕವರಿನಲ್ಲಿ ಸ್ಪೋರ್ ಇಸ್ಕೊಳ್ಳಿ. ಸ್ಪೋರ್ ಇಲ್ಲದೆ ಬರೀ ಪೆಟ್ಟಿಗೆ, ಭೂತಗನ್ನಡಿ, ಮಾಸ್ ಇಷ್ಟನ್ನೇ ಕಡಿಮೆ ಬೆಲೆಗೆ ಮಾರಿದರೆ ನಾನೇ ಇನ್ನೊಂದು ತರಿಸುತ್ತೇನೆ. ಈಗಿರುವ ಹಾಗೆ ಎರಡು ಸ್ಟಾರ್, ಒಂದು ಪೆಟ್ಟಿಗೆಗೆ, ಒಂದು ಭೂತಗನ್ನಡಿಗೆ.

ಆ ಮೂರು ಗರಿ ಎಲೆಯ ಗಿಡಗಳನ್ನು ಬಿಸಾಕಲು ಮನಸ್ಸು ಬರಲಿಲ್ಲ. ಒಂದು ಕುಂಡದಲ್ಲಿ ನೆಟ್ಟು ಬಚ್ಚಲ ಕಿಟಕಿಯಲ್ಲಿ ಇಟ್ಟಿದ್ದೇನೆ, ಸ್ಟ್ಯಾಗ್‌ಹಾರ್ನ್ ಮರಿಗಳಿಗಿಂತ ಮೂರು ಪಟ್ಟು ಜೋರಾಗಿ ಬೆಳೆಯುತ್ತಿವೆ.